ಚಕ್ರದ ಬೀಗ, ಒಂದು ಮೂಟೆ ಮಳಿ

ನಮ್ಮ ಮನೆಯಲ್ಲಿ ಖಾತೆಗಳ ಹಂಚಿಕೆ ನಾನು ಮದುವೆಯಾಗಿ ನಾವುಂದಕ್ಕೆ ಬಂದ ಹೊಸತರಲ್ಲೇ ಮುಗಿದುಹೋಗಿತ್ತು. ಮೀನಿನ ವ್ಯಾಪಾರ ನಮ್ಮನೆಯವರದು. ದೇವರು, ನೆಂಟರು, ತೆಂಗಿನಕಾಯಿ, ಯಾರ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಬೇಕು ಎನ್ನುವ ತೀರ್ಮಾನ, ಇವೆಲ್ಲ ಅತ್ತೆಯವು. ಉಳಿದದ್ದು ಇಂಗ್ಲಿಷ್ ಒಂದೇ. ಅದು ನನ್ನ ಪಾಲಿಗೆ ಬಂತು.

ನಾನು ಬ್ರಹ್ಮಾವರದ ಕಡೆಯವಳು, ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಅಕ್ಷರ ದುಂಡಾಗಿ ಬರೆಯಲು, ಕರವಸ್ತ್ರದ ಅಂಚಿಗೆ ಹೂ ಹಾಕಲು ಮತ್ತು ಸುಳ್ಳು ಹೇಳದಿರಲು ಕಲಿಸಿದ್ದರು. ಮೂರನ್ನೂ ನಾನು ಮರೆತಿಲ್ಲ. ಮೂರನೆಯದಕ್ಕೂ ಅಂಚಿನಲ್ಲಿ ಒಂದಿಷ್ಟು ಹೂ ಹಾಕಬಹುದು ಎನ್ನುವುದು ಮಾತ್ರ ಮದುವೆಯಾದ ಮೇಲೆ ತಿಳಿದದ್ದು.

ಇಂಗ್ಲಿಷಿನ ಖಾತೆಯೆಂದರೆ ದೊಡ್ಡದೇನಲ್ಲ. ಮಾತ್ರೆಯ ಹಾಳೆಯ ಮೇಲಿನ ಸಣ್ಣ ಅಕ್ಷರ, ಗ್ಯಾಸಿನ ಮೆಸೇಜು, ಮಿಕ್ಸಿಯ ಗ್ಯಾರಂಟಿ ಕಾರ್ಡು. ನಮ್ಮನೆಯವರ ಫೋನಿಗೆ ಎಲ್ಲಿಂದ ಇಂಗ್ಲಿಷ್ ಬಂದರೂ ಅದು ನನ್ನ ಹತ್ತಿರ ಬಂದು ಕನ್ನಡವಾಗಿ ವಾಪಸು ಹೋಗಬೇಕು. ಅವರೇನು ಓದುಬರಹ ಬಾರದವರಲ್ಲ. ಕನ್ನಡ ಪೇಪರನ್ನು ಮೇಲಿನ ಹೆಸರಿನಿಂದ ಹಿಡಿದು ಕೊನೆಯ ಪುಟದ ಕೆಳಗೆ ಅಚ್ಚು ಹಾಕಿದವರ ವಿಳಾಸದವರೆಗೆ ಓದುತ್ತಾರೆ. ಚಿಕ್ಕಂದಿನಲ್ಲಿ ಮುಂಬೈಯ ಕ್ಯಾಂಟೀನಿನಲ್ಲಿ ಇದ್ದವರಾದ್ದರಿಂದ ಹಿಂದಿಯೂ ಸಲೀಸು. ಇಂಗ್ಲಿಷಿನಲ್ಲಿ ಮಾತ್ರ ದೊಡ್ಡ ಅಕ್ಷರಗಳಷ್ಟೇ ಗೊತ್ತು. ಜೊತೆಗೆ ಮೀನಿನ ಹೆಸರುಗಳು. ಕಂಪೆನಿಯವರು ಬಾಕ್ಸಿನ ಮೇಲೆ ಬರೆದು ಕಳಿಸುತ್ತಾರಲ್ಲ, ಹಾಗೆ ನೋಡಿ ನೋಡಿ ಕಲಿತದ್ದು. ಸ್ಕ್ವಿಡ್ ಎಂದರೆ ಬೊಂಡಾಸ. ಪಾಂಫ್ರೆಟ್ ಎಂದರೆ ಮಾಂಜಿ. ಕ್ಲಾಮ್ ಎಂದರೆ ಹೊಳೆಯ ಮಳಿ, ಘಟ್ಟದ ಮೇಲಿನವರು ಕಪ್ಪೆಚಿಪ್ಪು ಎನ್ನುವುದು. ಸಿಸ್ಟರುಗಳು ನನಗೆ ಕ್ಲಾಮ್ ಕಲಿಸಿರಲಿಲ್ಲ. ಅದನ್ನು ನಾನು ಕಲಿತದ್ದು ಇವರಿಂದಲೇ. ಇದನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಇನ್ನು ಕಾರಿನ ವಿಷಯ. ಬಿಳಿ ಬಣ್ಣದ ಸಣ್ಣ ಕಾರು. ಮನೆಗೊಂದು ಇರಲಿ ಎಂದು ತಂದವರು ನಮ್ಮನೆಯವರೇ. ತಂದ ಮೇಲೆ ಹಿಂದಿನ ಗಾಜಿಗೆ ಒಂದು ನೀಲಿ ಮೀನಿನ ಚಿತ್ರ, ಅದರಡಿ ತಮ್ಮ ಫೋನ್ ನಂಬರು ಅಂಟಿಸಿ, ತಾವು ಮೊದಲಿನಂತೆ ಪಿಕಪ್ಪಿನಲ್ಲೇ ಓಡಾಡತೊಡಗಿದರು. ಕಾರು ಕೊಟ್ಟಿಗೆಯಲ್ಲಿ ನಿಂತಿತು. ಅದರಡಿಯಲ್ಲಿ ಕೋಳಿ ಮೊಟ್ಟೆಯಿಡಲು ಶುರುಮಾಡಿದ ಮೇಲೆ ನನಗೆ ಏನೋ ಅನಿಸಿ, ಕುಂದಾಪುರದ ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಕಾಲೇಜು ಹುಡುಗಿಯರ ನಡುವೆ ಕನ್ನಡಕ ಹಾಕಿಕೊಂಡ ಒಬ್ಬಳೇ ಹೆಂಗಸು. ಕಲಿಸುವವರು ತಮ್ಮ ಕಾಲಡಿಯ ಬ್ರೇಕನ್ನು ಉಳಿದವರಿಗಿಂತ ನನಗೆ ಜಾಸ್ತಿ ಒತ್ತುತ್ತಿದ್ದರು, ಆದರೂ ಲೈಸೆನ್ಸ್ ಬಂತು. ಅಲ್ಲಿಂದ ಮೇಲೆ ನೂಲು ಗುಂಡಿ ಬೇಕೆಂದರೆ ಬೈಂದೂರಿಗೆ, ಅಮ್ಮನನ್ನು ಕಾಣಬೇಕೆಂದರೆ ಬ್ರಹ್ಮಾವರಕ್ಕೆ, ನಾನೇ ಹೋಗಿ ನಾನೇ ಬರುತ್ತಿದ್ದೆ. ಕಾರಿನ ಬಾಗಿಲು ಹಾಕಿದಾಗ ಒಂದು ಸದ್ದು ಬರುತ್ತದೆ, ಮೆತ್ತಗೆ, ಡಬ್ಬಿಯ ಮುಚ್ಚಳ ಹಾಕಿದ ಹಾಗೆ. ಉಪ್ಪು ಎಲ್ಲಿದೆ ಎಂದು ಯಾರೂ ಕೇಳಲಾರದ ಕೋಣೆ ಅದೊಂದೇ ನನಗೆ ಇದ್ದದ್ದು.

ಅಂಥ ಕಾರನ್ನು ಮಾರುವುದೆಂದು ಇವರು ಹೇಳಿದರು. ಕಾರಣ ಅಂಗಳದ ತೆಂಗಿನಮರ. ಒಮ್ಮೆ ರಿವರ್ಸ್ ತೆಗೆಯುವಾಗ ಕಾರಿನ ಮೂಲೆ ಆ ಮರಕ್ಕೆ ಒಂಚೂರು ತಾಗಿತ್ತು. ಮರಕ್ಕೆ ಏನೂ ಆಗಲಿಲ್ಲ, ಈಗಲೂ ಕಾಯಿ ಬಿಡುತ್ತದೆ. ಕಾರಿಗೆ ಒಂದು ಗೀರು ಬಿತ್ತು. ಮನೆಗೆ ಬಂದ ನೆಂಟರಿಗೆಲ್ಲ ಕಾಫಿಗೆ ಮೊದಲು ಆ ಗೀರನ್ನು ತೋರಿಸುವ ಪದ್ಧತಿ ಅಲ್ಲಿಂದ ಶುರುವಾಯಿತು. ಹಾಗೆ ಕಾಫಿ ಕುಡಿದ ಬ್ರಹ್ಮಾವರದವರೊಬ್ಬರು, ಕೊಡುವುದಾದರೆ ನಮಗೇ ಕೊಡಿ ಎಂದರು. ಆದಿತ್ಯವಾರ ಬಂದು ನೋಡಿ ಮಾತು ಮುಗಿಸುವುದೆಂದು ಆಯಿತು. ಅವರೂ ನನ್ನ ತವರಿನ ಊರಿನವರೇ ಎನ್ನುವುದು ನನಗೆ ಇನ್ನಷ್ಟು ಉರಿ.

ಅದೇ ಶುಕ್ರವಾರ ಅತ್ತೆಯನ್ನು ಕುಂದಾಪುರಕ್ಕೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಇವರಿಗೆ ಬಂದರಿನಲ್ಲಿ ಮೀನಿನ ಹರಾಜಿನ ಗಡಿಬಿಡಿ. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಇವರು ಮೀಸೆಯಡಿಯಲ್ಲಿ ನಕ್ಕರು.

"ಆಯ್ತ್, ಹೋಗ್. ಗೀರ್ ಬೀಳುಕಾಗ. ಬೇರೆಯವ್ರ್ ಹತ್ರ ರಿವರ್ಸ್ ಮಾಡ್ಸುಕಾಗ. ನಂಗೆ ಫೋನ್ ಮಾಡುಕಾಗ. ಮೂರೂ ಆದ್ರೆ ಬ್ರಹ್ಮಾವರದವ್ರಿಗೆ ಬಪ್ಪುದ್ ಬ್ಯಾಡ ಅಂದ್ ಹೇಳ್ತೆ."

ಗೀರು ಕೂಡದು, ರಿವರ್ಸ್ ನಾನೇ ತೆಗೆಯಬೇಕು, ಫೋನು ಕೂಡದು: ಮೂರು ಕರಾರು. ಅತ್ತೆ ಸಾಕ್ಷಿ. ಸಾಕ್ಷಿ ಒಳಗೆ ಹೋಗಿ ತಮ್ಮ ಒಳ್ಳೆಯ ಸೀರೆ ತೆಗೆದಿಟ್ಟರು.

ಅತ್ತೆಯ ಬಗ್ಗೆ ಇಷ್ಟು ಹೇಳಬೇಕು. ಮೊದಲಿನಿಂದ ಮೀನು ಮಾರಿದವರು, ಈಗ ಮೊಣಕಾಲು ನೋವೆಂದು ಬುಟ್ಟಿ ಇಳಿಸಿದ್ದಾರೆ. ಮಾತು ಇಳಿಸಿಲ್ಲ. ಯಾವುದನ್ನು ನೋಡಿದರೂ ಅವರಿಗೆ ಮೊದಲು ದೋಣಿ ಕಾಣುತ್ತದೆ. ಕಾರು ಕೂಡ ಅವರಿಗೆ ಒಂದು ಬಗೆಯ ದೋಣಿಯೇ. ನಾನು ತಿರುಗಿಸುವಾಗ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿಯನ್ನು ತಳ್ಳುತ್ತಿರುತ್ತಾರೆ.

ತ್ರಾಸಿ ದಾಟಿ, ಸೇತುವೆ ದಾಟಿ, ಕುಂದಾಪುರ ಮುಟ್ಟುವವರೆಗೆ ಒಂದೂ ತೊಂದರೆಯಿಲ್ಲ. ಕಣ್ಣಿನ ಡಾಕ್ಟರು ಇರುವುದು ಹೊಸ ಕಟ್ಟಡವೊಂದರ ಮೇಲಿನ ಮಾಳಿಗೆಯಲ್ಲಿ. ಕೆಳಗೆ ಗೋಡೆಗೆ ತಾಗಿ ಕಾರು ನಿಲ್ಲಿಸುವ ಜಾಗ. ಒಂದು ಕಡೆ ಖಾಲಿಯಿತ್ತು. ರಿವರ್ಸ್ ಹಾಕಬೇಕು. ಅತ್ತೆ, ನೀನು ಇರು, ನಾನು ತೋರಿಸುತ್ತೇನೆ ಎಂದು ಇಳಿದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಎರಡೂ ಕೈ ಎತ್ತಿ, ದೋಣಿಯನ್ನು ದಡಕ್ಕೆ ಕರೆಯುವ ಹಾಗೆ, ಬರಲಿ ಬರಲಿ ಎಂದು ಕೂಗಿದರು. ಔಷಧಿ ಅಂಗಡಿಯವರು ಹೊರಗೆ ಬಂದು ನೋಡಿದರು. ನಾನು ಇಂಚಿಂಚಾಗಿ ಹಿಂದಕ್ಕೆ ಹೋದೆ, ಅತ್ತೆ ಪಕ್ಕಕ್ಕೆ ಸರಿದರು, ಕಾರು ನಿಂತಿತು. ಗೀರಿಲ್ಲ. ಎಷ್ಟು ನೇರವಾಗಿ ನಿಂತಿತ್ತೆಂದರೆ ನಾನು ಇಳಿದು ಎರಡು ಸಲ ಸುತ್ತು ಹಾಕಿ ನೋಡಿದೆ.

ನೋಡದೆ ಉಳಿದದ್ದು ಗೋಡೆಯ ಮೇಲಿನ ಬರಹ. ಮೊಣಕಾಲೆತ್ತರದಲ್ಲಿ, ಕೆಂಪು ಬಣ್ಣದಲ್ಲಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಬರೆದಿತ್ತು: ಈ ಜಾಗ ಡಾಕ್ಟರರ ವಾಹನಕ್ಕೆ ಮಾತ್ರ, ಬೇರೆ ವಾಹನ ನಿಲ್ಲಿಸಿದರೆ ಚಕ್ರಕ್ಕೆ ಬೀಗ ಹಾಕಲಾಗುವುದು. ನಾನು ಕನ್ನಡಿಯಲ್ಲಿ ನೋಡುವಾಗ ಅದರ ಮುಂದೆ ಅತ್ತೆಯ ಸೀರೆಯಿತ್ತು. ಅತ್ತೆ ಸರಿದ ಮೇಲೆ ಅದರ ಮುಂದೆ ನನ್ನ ಕಾರಿತ್ತು. ಮನೆಯ ಇಂಗ್ಲಿಷ್ ಖಾತೆಯವಳಿಗೆ ಹೀಗಾಯಿತು.

ಮೇಲೆ ಡಾಕ್ಟರು ಅತ್ತೆಯ ಕಣ್ಣಿಗೆ ಹನಿ ಬಿಟ್ಟು ನೋಡಿದರು, ಕನ್ನಡಕದ ನಂಬರು ಬದಲಾಗಿದೆ ಎಂದರು. ಹನಿ ಬಿಟ್ಟ ಮೇಲೆ ಕೆಲ ಹೊತ್ತು ಎಲ್ಲ ಮಂಜುಮಂಜಾಗಿ ಕಾಣುತ್ತದೆ, ಗಾಬರಿ ಬೇಡ ಎಂದೂ ಹೇಳಿದರು. ಅತ್ತೆಗೆ ಗಾಬರಿ ಎಲ್ಲಿಯದು. ಕೈಹಿಡಿದು ಕೆಳಗೆ ಕರೆತಂದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿ ಇಳಿಸಿ, ಚೀಲದಲ್ಲಿದ್ದ ಬಾಳೆಹಣ್ಣು ಮಡಿಲಲ್ಲಿಟ್ಟು, ನಾನು ಆಚೆ ಬೀದಿಗೆ ಕನ್ನಡಕದ ಫ್ರೇಮು ಕೇಳಲು ಹೋದೆ. ದಾರಿಯಲ್ಲಿ ಬನ್ಸ್ ಕಾಣಿಸಿತು, ಕಟ್ಟಿಸಿಕೊಂಡೆ. ತಿರುಗಿ ಬಂದಾಗ ಮುಂದಿನ ಚಕ್ರದ ಮೇಲೆ ಹಳದಿ ಬಣ್ಣದ ಏನೋ ಒಂದು ಕೂತಿತ್ತು.

ದೂರದಿಂದ ನನಗೆ ಅದು ಯಾರದೋ ಹೆಲ್ಮೆಟ್ ಎನಿಸಿತು. ಹತ್ತಿರ ಹೋದರೆ ಕಬ್ಬಿಣ. ಏಡಿ ತನ್ನ ಎರಡು ಕೊಂಬಿನಿಂದ ಹಿಡಿದ ಹಾಗೆ ಚಕ್ರವನ್ನು ಆಚೆ ಈಚೆ ಅವುಚಿ ಹಿಡಿದಿತ್ತು. ನಡುವೆ ಬೀಗ. ಬೀಗದ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಒಂದು ಎಂದು ನಂಬರು ಬರೆದಿದ್ದರು, ಆ ಒಂದು ಸ್ವಲ್ಪ ಸೊಟ್ಟಗಿತ್ತು. ಚಿತ್ರದಲ್ಲಿ ಬಿಟ್ಟರೆ ಅಂಥದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಳಗೆ ಅತ್ತೆ ಬಹಳ ಖುಷಿಯಲ್ಲಿದ್ದರು.

"ಹೆಣೆ, ಈ ಊರಂಗೆ ಎಂಥ ಒಳ್ಳೆ ಜನ ಇದ್ರ್ ಕಾಣ್. ಒಬ್ಬ ಬಂದ, ಯೂನಿಫಾರ್ಮ್ ಹಾಕಂಡವ. ಕಾರ್ ಜಾರುಕಾಗ ಅಂದ್ ಚಕ್ರಕ್ಕೆ ಅಡ್ಡ ಕೊಟ್ಟ್ ಹೋದ."

ಸಮುದ್ರದ ದಡದಲ್ಲಿ ದೋಣಿಯನ್ನು ಮೇಲೆ ಎಳೆದಿಟ್ಟ ಮೇಲೆ ಅದು ಜಾರದ ಹಾಗೆ ಅಡಿಗೆ ಮರದ ತುಂಡು ಕೊಡುತ್ತಾರೆ. ಬೇರೆಯವರ ದೋಣಿಯಾದರೂ ಸರಿ, ತುಂಡು ಸರಿದದ್ದು ಕಂಡರೆ ದಾರಿಯಲ್ಲಿ ಹೋಗುವವರು ಕಾಲಿನಿಂದ ಒತ್ತಿ ಹೋಗುತ್ತಾರೆ. ಅದು ನಮ್ಮ ಕಡೆಯ ಮರ್ಯಾದೆ. ಅತ್ತೆಯ ಮಂಜುಗಣ್ಣಿಗೆ ಕಂಡದ್ದು ಅದೇ. ನಾನು ನಿಧಾನಕ್ಕೆ ಒಂದೊಂದೇ ಕೇಳುತ್ತ ಹೋದೆ. ಅವನು ಏನಾದರೂ ಹೇಳಿದನೇ? ಹೇಳಿದ, ಹಿಂದಿಯಲ್ಲಿ, ಬಹಳ ಹೊತ್ತು ಹೇಳಿದ. ನೀವೇನು ಹೇಳಿದಿರಿ? ಅಚ್ಛಾ ಅಚ್ಛಾ ಎಂದೆ. ಅತ್ತೆಗೆ ಹಿಂದಿಯಲ್ಲಿ ಬರುವುದು ಅದೊಂದೇ ಶಬ್ದ. ಒಮ್ಮೆ ಮುಂಬೈಗೆ ತಮ್ಮನ ಮನೆಗೆ ಹೋದಾಗ ರೈಲಿನಲ್ಲಿ ಕಲಿತು ಬಂದದ್ದು. ಇನ್ನೂ ಗಟ್ಟಿ ಹಾಕು ಎಂದು ಕೈಸನ್ನೆ ಮಾಡಿದರಂತೆ, ನಮ್ಮ ಸೊಸೆಯ ಹ್ಯಾಂಡ್‌ಬ್ರೇಕ್ ನಂಬಲಿಕ್ಕಾಗುವುದಿಲ್ಲ ಎಂದು ಕನ್ನಡದಲ್ಲಿ ತಿಳಿಸಿದರಂತೆ. ಅವನಿಗೆ ಎರಡು ಬಾಳೆಹಣ್ಣು ಕೊಟ್ಟರಂತೆ. ಅವನು ಕಾರಿನ ಫೋಟೊ ತೆಗೆದನಂತೆ.

"ನಾನ್ ಸೆರಗ್ ಸರಿ ಮಾಡ್ಕಂಡ್ ಕೂಕಂಡೆ," ಎಂದರು.

ನನಗೆ ನಗು ಮತ್ತು ಅಳು ಒಂದೇ ಬಾಗಿಲಲ್ಲಿ ನುಗ್ಗಿದಂತಾಯಿತು. ಆದಿತ್ಯವಾರ ಬ್ರಹ್ಮಾವರದವರು ಬರುವವರು. ಇದು ಇವರ ಕಿವಿಗೆ ಬಿದ್ದರೆ ಗೀರಿನ ಜೊತೆ ಬೀಗವೂ ಸೇರಿ ಕಾರು ಆವತ್ತೇ ಹೋದ ಹಾಗೆ. ಆದರೆ ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಗೀರು ಬಿದ್ದಿಲ್ಲ. ರಿವರ್ಸ್ ನಾನೇ ಹಾಕಿದ್ದು. ಫೋನ್ ಮಾಡಿಲ್ಲ, ಮಾಡುವುದೂ ಇಲ್ಲ. ಸದ್ದಿಲ್ಲದೆ ಬೀಗ ತೆಗೆಸಿಕೊಂಡು ಮನೆಗೆ ಹೋದರೆ ಮುಗಿಯಿತು. ಅತ್ತೆಗೆ ಇದು ಬೀಗವೆಂದು ಹೇಳದಿರುವುದು ಕ್ಷೇಮ. ಅವರಿಗೆ ಹೇಳಿದರೆ ಮೈಕಿಗೆ ಹೇಳಿದಂತೆ.

ಕಟ್ಟಡದ ಹಿಂಬದಿಯಲ್ಲಿ ಗಾಜಿನ ಸಣ್ಣ ಕೋಣೆ, ಅದೇ ಆಫೀಸು. ಒಳಗೆ ಒಬ್ಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಚುರುಮುರಿ ತಿನ್ನುತ್ತಿದ್ದಳು. ಪೊಟ್ಟಣವನ್ನು ಕೀಬೋರ್ಡಿನ ಹಿಂದೆ ಅಡಗಿಸಿದಳು, ಬೆರಳಿಗೆ ಅಂಟಿದ ಮೆಣಸಿನಪುಡಿ ಅಡಗಲಿಲ್ಲ. ನಾನು ನನ್ನ ಅತಿ ಮೆದುವಾದ ಸ್ವರದಲ್ಲಿ ವಿಷಯ ತಿಳಿಸಿದೆ. ಅವಳೂ ಮೆದುವಾಗಿಯೇ, ಕಟ್ಟಡದವರ ನಿಯಮ, ದಂಡ ಕಟ್ಟಿದರೆ ಕೂಡಲೇ ತೆಗೆಸುತ್ತೇನೆ ಎಂದಳು. ತಪ್ಪು ನಮ್ಮದೇ, ಕಟ್ಟಿದೆ. ಅವಳು ತನ್ನ ಮೊಬೈಲಿನಲ್ಲಿದ್ದ ಫೋಟೊ ತೋರಿಸಿದಳು. ಕೆಳಗೆ ಹಳದಿ ಬೀಗ, ಮೇಲೆ ಕಿಟಕಿಯಲ್ಲಿ ಸೆರಗು ಸರಿಮಾಡಿಕೊಂಡು ನಗುತ್ತಿರುವ ಅತ್ತೆ. ಆಧಾರ್ ಕಾರ್ಡಿನಿಂದ ಹಿಡಿದು ಯಾವ ಫೋಟೊದಲ್ಲೂ ಅವರು ಅಷ್ಟು ಚೆಂದ ಬಂದದ್ದಿಲ್ಲ. ನನಗೂ ಒಂದು ಕಳಿಸು ಮಗಾ ಎಂದೆ. ಕಳಿಸಿದಳು.

ಆಮೇಲೆ ಅವಳು ಹೇಳಿದ ಮಾತಿಗೆ ನನ್ನ ಕೈಯಲ್ಲಿದ್ದ ಬನ್ಸಿನ ಪೊಟ್ಟಣ ತಣ್ಣಗಾಯಿತು.

"ನಿಮ್ಮ್ ಮೊಬೈಲಿಗೆ ಆಗ್ಳೇ ಮೆಸೇಜ್ ಹಾಕಿದ್ನಲೆ ಆಂಟಿ. ಗಾಜಿನ ಮೇಲೆ ನಂಬರ್ ಇತ್ತಲೆ, ಅದಕ್ಕೆ."

ಗಾಜಿನ ಮೇಲಿನ ನಂಬರು. ನೀಲಿ ಮೀನಿನ ಅಡಿಯ ನಂಬರು. ಏನೆಂದು ಹಾಕಿದ್ದೀ ಎಂದು ಕೇಳಿದೆ. ಪರದೆ ತಿರುಗಿಸಿ ತೋರಿಸಿದಳು. ಇಂಗ್ಲಿಷಿನಲ್ಲಿ, ಎಲ್ಲ ದೊಡ್ಡ ಅಕ್ಷರದಲ್ಲಿ: ವೀಲ್ ಕ್ಲ್ಯಾಂಪ್ ನಂಬರ್ ಒಂದು, ಆಫೀಸಿನಲ್ಲಿ ಹಣ ಪಾವತಿ, ಕುಂದಾಪುರ. ಕಾರಿನ ಹೆಸರಿಲ್ಲ, ಕಟ್ಟಡದ ಹೆಸರಿಲ್ಲ, ಪೂರ್ಣವಿರಾಮವೂ ಇಲ್ಲ. ಸಿಸ್ಟರುಗಳಾದರೆ ಇಷ್ಟಕ್ಕೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಾನು ಆಫೀಸಿನ ಮೆಟ್ಟಿಲಿಳಿಯುವಷ್ಟರಲ್ಲಿ ನನ್ನ ಫೋನು ಹಾಡಿತು. ಇವರೇ. ಹಿಂದೆ ಬಂದರಿನ ಗಲಾಟೆ, ಐಸು ಪುಡಿಮಾಡುವ ಯಂತ್ರದ ಸದ್ದು.

"ಒಂದ್ ಇಂಗ್ಲಿಷ್ ಮೆಸೇಜ್ ಬಂದಿತ್ತ್ ಮಾರಾಯ್ತಿ. ಕುಂದಾಪ್ರದ ಪಾರ್ಟಿ. ಕ್ಲಾಮ್ ಅಂದ್ರೆ ನಮ್ ಮಳಿಯೇ ಅಲ್ದಾ?"

ನಾನು ಮೆಟ್ಟಿಲ ಮೇಲೆ ಕೂತುಕೊಂಡೆ. ಪ್ರಶ್ನೆ ಕೇಳಿದ್ದಾರೆ. ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಬೇಕು, ಹಾಗೆಂದು ನಮಗೆ ಕಲಿಸಿದ್ದಾರೆ.

"ಕ್ಲಾಮ್ ಅಂದ್ರೆ ಮಳಿಯೇ," ಎಂದೆ. "ನೀವೇ ನಂಗೆ ಹೇಳ್ಕೊಟ್ಟದ್ದ್."

"ಕಡಿಗೊಂದ್ ಪಿ ಇತ್ತಲೆ?"

ಉತ್ತರ ಕೊಡಲು ನಾನು ಬಾಯಿ ತೆರೆದಿದ್ದೆ. ನಿಜಕ್ಕೂ ತೆರೆದಿದ್ದೆ. ಅಷ್ಟರಲ್ಲಿ ಅವರೇ, ಪಿ ಎಂದರೆ ಪೀಸ್ ಇರಬೇಕು, ಚಿಪ್ಪು ಬಿಡಿಸಿದ್ದಲ್ಲ, ಇಡಿ ಇಡಿ ಬೇಕಂತೆ ಎಂದು ತಮಗೆ ತಾವೇ ಹೇಳಿಕೊಂಡರು. ನಂಬರ್ ಒಂದು ಎಂದು ಬರೆದಿದ್ದಾರೆ, ಅಂದರೆ ಒಂದನೇ ನಂಬರಿನ ಮಾಲೇ ಬೇಕು. ಆಫೀಸಿನಲ್ಲಿ ಪೇಮೆಂಟು, ಒಳ್ಳೆಯ ಪಾರ್ಟಿ. ವೀಲ್ ಎಂದರೆ ಎಂತದು, ವೇಲ್, ತಿಮಿಂಗಿಲವಲ್ಲವೇ, ದೊಡ್ಡ ಸೈಜಿನದು ಎಂದಿರಬೇಕು. ಇಷ್ಟನ್ನೂ ಐಸಿನ ಸದ್ದಿನ ನಡುವೆ ಒಂದೇ ಉಸಿರಿನಲ್ಲಿ ಬಿಡಿಸಿ ಮುಗಿಸಿದರು. ಸುಳ್ಳು ಹೇಳಬಾರದು ಎಂದು ಸಿಸ್ಟರುಗಳು ಹೇಳಿದ್ದರು. ಬೇರೆಯವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದೂ ಅವರೇ ಹೇಳಿದ್ದರು. ಮನೆಗೆ ಬಂದ ಮೇಲೆ ಸರಿಯಾಗಿ ಓದಿ ಹೇಳುತ್ತೇನೆ ಎಂದಷ್ಟೇ ಎಂದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ.

"ಕಾರ್ ಹ್ಯಾಂಗಿತ್ತ್?" ಎಂದರು ಕಡೆಗೆ.

"ನಿಲ್ಸಿದಲ್ಲೇ ಇತ್ತ್. ಒಂಚೂರೂ ಅಲ್ಲಾಡ್ಲಿಲ್ಲೆ."

ಅಷ್ಟರಲ್ಲಿ ಬೀಗ ಹಾಕಿದವನು ಕೀಲಿಕೈ ಹಿಡಿದು ಬಂದ. ನಾನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ, ಕೃಪೆಮಾಡಿ ತೆಗೆಯಿರಿ ಎಂಬ ಅರ್ಥದ ಉದ್ದ ವಾಕ್ಯ ಹೇಳಿದೆ. ಅವನು ಪಾಪ ನೆಟ್ಟಗೆ ನಿಂತು ಕೇಳಿದ, ಯಾರೋ ಭಾಷಣ ಮಾಡುತ್ತಿದ್ದಾರೆ ಎನ್ನುವ ಹಾಗೆ. ಅವನು ಬಗ್ಗಿ ಬೀಗಕ್ಕೆ ಕೈ ಹಾಕಿದ್ದೇ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ಈಗಲೇ ತೆಗೆಯಬೇಡ, ಅವಳು ಮೊದಲು ಒಳಗೆ ಬಂದು ಬ್ರೇಕ್ ಒತ್ತಲಿ, ಆಮೇಲೆ ತೆಗಿ ಎಂದು ಅಪ್ಪಣೆ ಮಾಡಿದರು. ಅವನು ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ ಬ್ರೇಕ್ ಒತ್ತಿದೆ. ಅವನು ಬೀಗ ತೆಗೆದು, ಹೆಗಲಿಗೆ ಹಾಕಿಕೊಂಡು, ಅತ್ತೆಗೆ ಕೈಮುಗಿದು ಹೋದ. ಜೇಬಿನಿಂದ ಬಾಳೆಹಣ್ಣಿನ ತೊಟ್ಟು ಕಾಣುತ್ತಿತ್ತು.

ಮನೆಗೆ ಬರುವಾಗ ನಾನು ಹಾಡು ಹಾಕಿದೆ. ಅಂಗಳದಲ್ಲಿ ತೆಂಗಿನಮರದಿಂದ ಒಂದು ಮಾರು ದೂರದಲ್ಲಿ ಕಾರನ್ನು ರಿವರ್ಸ್ ತೆಗೆದು ನಿಲ್ಲಿಸಿ, ಚಹಾ ಕುಡಿದೆ. ಇವರ ಮಾತನ್ನು ನಾನು ಅಷ್ಟಕ್ಕೇ ಬಿಟ್ಟಿದ್ದೆ. ಮಳಿ ಬೇಕೆಂದರೆ ನಾಳೆ ನೋಡಿಕೊಳ್ಳುತ್ತಾರೆ, ಅದಕ್ಕೆ ಮೊದಲು ಓದಿ ಹೇಳಿದರಾಯಿತು, ಹೇಳುವಾಗ ಎಲ್ಲಿಂದ ಶುರುಮಾಡುವುದು ಎಂದಷ್ಟೇ ಯೋಚನೆ.

ಇಳಿಹೊತ್ತಿಗೆ ಪಿಕಪ್ಪು ಬಂತು. ಹಿಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇವರು ಒಂದು ಗೋಣಿಮೂಟೆಯನ್ನು ಎಳೆದು ಅಂಗಳಕ್ಕೆ ಹಾಕಿದರು. ಮೂಟೆ ಒಳಗಿನಿಂದ ಕಟಕಟ ಎಂದಿತು. ಹೊಳೆಯಲ್ಲಿ ಇಳಿತದ ಹೊತ್ತಿಗೆ ಮಳಿ ಹೆಕ್ಕುವ ಹೆಂಗಸರನ್ನೆಲ್ಲ ಕರೆದು, ಸಣ್ಣದು ಬೇಡ, ತಿಮಿಂಗಿಲದ ಸೈಜಿನದೇ ಬೇಕು ಎಂದು ಆರಿಸಿ ಆರಿಸಿ ತಂದಿದ್ದಾರೆ. ಬಂದರಿನಲ್ಲಿ ನಾಲ್ಕು ಜನರ ಮುಂದೆ, ತನಗೆ ಕುಂದಾಪುರದ ಹೊಸ ಪಾರ್ಟಿ ಸಿಕ್ಕಿದೆ ಎಂದೂ ಹೇಳಿ ಬಂದಿದ್ದಾರೆ. ಮೆಸೇಜು ಬಂದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ, ಆಫೀಸು ಎಲ್ಲಿ ಎಂದು ಅದರಲ್ಲಿ ಬರೆದಿದೆಯೋ ನೋಡು ಎಂದು ಮೊಬೈಲು ನನ್ನ ಕೈಗೆ ಕೊಟ್ಟರು. ಕೈಗೆ ಹೊಳೆಯ ಕೆಸರಿನ ವಾಸನೆಯಿತ್ತು. ಮುಖದಲ್ಲಿ ಒಳ್ಳೆಯ ವ್ಯಾಪಾರ ಮಾಡಿದವರ ಕಳೆಯಿತ್ತು. ನನಗೆ ನಿಜಕ್ಕೂ ಪಾಪವೆನಿಸಿತು.

ಇನ್ನು ಅಂಚಿಗೆ ಹೂ ಹಾಕಲು ಬಟ್ಟೆ ಉಳಿದಿರಲಿಲ್ಲ. ಜಗಲಿಯಲ್ಲಿ ನಿಂತು, ತರಗತಿಯಲ್ಲಿ ಪಾಠ ಓದುವ ಹಾಗೆ, ಮೆಸೇಜನ್ನು ಸ್ಪಷ್ಟವಾಗಿ ಓದಿದೆ. ಆಮೇಲೆ ಕನ್ನಡ ಹೇಳಿದೆ. ವೀಲ್ ಎಂದರೆ ಚಕ್ರ. ಕ್ಲ್ಯಾಂಪ್ ಎಂದರೆ ಬಿಗಿದು ಹಿಡಿಯುವುದು. ಪಿ ಬೇರೆ ಅಲ್ಲ, ಆ ಶಬ್ದಕ್ಕೇ ಸೇರಿದ್ದು. ಕಾರಿನ ಚಕ್ರಕ್ಕೆ ಬೀಗ ಹಾಕಿದ್ದೇವೆ, ಬಂದು ದಂಡ ಕಟ್ಟಿ ಎಂದು ಬರೆದಿದ್ದಾರೆ. ಕಟ್ಟಿಯೂ ಆಯಿತು.

ಇವರು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಪಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

ಮೊದಲು ಮಾತಾಡಿದ್ದು ಅತ್ತೆ. ಅದು ಅಡ್ಡ ಕೊಟ್ಟದ್ದಲ್ಲವೇ ಎಂದು ಕೇಳಿದರು. ಅಲ್ಲ, ಬೀಗ ಎಂದೆ. ಅವರು ಯೋಚನೆ ಮಾಡಿ, ತಾನು ಅವನಿಗೆ ಎರಡು ಬಾಳೆಹಣ್ಣು ಕೊಟ್ಟೆನಲ್ಲ ಎಂದರು. ನಂತರ ಇನ್ನೊಂದಿಷ್ಟು ಯೋಚನೆ ಮಾಡಿ, ಇರಲಿ, ಕೈಮುಗಿದು ಹೋದ ಎಂದರು.

ಇವರ ಮುಖದ ಕಳೆ ಅಷ್ಟರಲ್ಲಿ ಬೇರೆಯಾಗಿತ್ತು. ನೋಡಿದೆಯಾ, ಅದಕ್ಕೇ ನಾನು ಹೇಳಿದ್ದು, ನಿನ್ನ ಕೈಗೆ ಕಾರು ಕೊಟ್ಟರೆ ಹೀಗೇ ಆಗುವುದು ಎಂದು ಶುರುಮಾಡಿದರು. ನಾನು ಮೆದುವಾಗಿಯೇ ಅವರ ಮೂರು ಕರಾರು ನೆನಪು ಮಾಡಿದೆ. ಗೀರು ಬಿದ್ದಿಲ್ಲ, ಬೇಕಾದರೆ ಸುತ್ತು ಹಾಕಿ ನೋಡಿ. ಕುಂದಾಪುರದಲ್ಲೂ ಅಂಗಳದಲ್ಲೂ ರಿವರ್ಸ್ ನಾನೇ ತೆಗೆದದ್ದು. ಫೋನು ನಾನು ಮಾಡಲಿಲ್ಲ, 'ನೀವು' ಮಾಡಿದ್ದು. ಬೀಗದ ಮಾತು ಕರಾರಿನಲ್ಲಿ ಇರಲೇ ಇಲ್ಲ. ಆಗ ಇವರು, ಸಿಕ್ಕಿಬಿದ್ದ ಎಲ್ಲ ಗಂಡಸರು ಹೇಳುವುದನ್ನೇ ಹೇಳಿದರು: ಬ್ರಹ್ಮಾವರದವರಿಗೆ ಮಾತು ಕೊಟ್ಟಾಗಿದೆ, ಕಾರು ಕೊಡುವುದೇ ಸೈ.

ಅತ್ತೆ ಜಗಲಿಯಿಂದ ಇಳಿದು ಬಂದು ಮೂಟೆಯ ಬಾಯಿ ಬಿಚ್ಚಿದರು. ಮಂಜು ಸರಿದ ಕಣ್ಣಿನ ಹತ್ತಿರ ಒಂದು ಮಳಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಒಂದ್ನೇ ನಂಬರೇ," ಎಂದರು. "ಮಗಾ, ಮೀನ್ ಮಾರ್ಕೆಟ್ಟಂಗೆ ನಂಗಿನ್ನೂ ಕೂಕಂಬುಕೆ ಜಾಗ ಇತ್ತ್. ನೀ ಆದಿತ್ಯವಾರ ಕಾರ್ ಮಾರ್. ನಾ ಸೋಮವಾರ ಬೆಳಿಗ್ಗೆ ಹೋಯಿ ಕೂಕಂಡ್, ನಮ್ಮ ಮಗ ಬೀಗಕ್ಕೆ ಮಳಿ ತಂದ ಕತಿ ಹೇಳ್ತೆ."

ಇವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಮೂಟೆ ನೋಡಿದರು. ಬಂದರಿನಲ್ಲಿ ಒಮ್ಮೆ ಹೆಸರು ಬಿದ್ದರೆ ಬಿದ್ದಂತೆಯೇ. ಯಾವುದೋ ಕಾಲದಲ್ಲಿ ಹೊಳೆಗೆ ಛತ್ರಿ ಬೀಳಿಸಿಕೊಂಡವರೊಬ್ಬರನ್ನು ಇವತ್ತಿಗೂ ಛತ್ರಿ ಎಂದೇ ಕರೆಯುತ್ತಾರೆ, ಅವರ ಮಕ್ಕಳನ್ನೂ. ನಮ್ಮನೆಯವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಅವರು ಕೈ ತೊಳೆದುಕೊಂಡು ಬಂದು, ಮಳಿ ಬಿಡಿಸಲು ಮೆಟ್ಟುಗತ್ತಿ ಎಲ್ಲಿದೆ ಎಂದು ಕೇಳಿದರು.

ಆ ಸಂಜೆ ಮೂವರೂ ಅಂಗಳದಲ್ಲಿ ಕೂತು ಮಳಿ ಬಿಡಿಸಿದೆವು. ಅರ್ಧ ಚಿಪ್ಪಿನಲ್ಲಿ ಮಾಂಸ ಉಳಿಸಿ, ಇನ್ನರ್ಧ ಎಸೆಯುವ ಕೆಲಸ. ಎಸೆದ ಚಿಪ್ಪು ತೆಂಗಿನಬುಡದಲ್ಲಿ ರಾಶಿಯಾಯಿತು. ಮಧ್ಯದಲ್ಲಿ ಇವರು ಒಮ್ಮೆ ತಲೆಯೆತ್ತಿ, ಪಿ ಎಂದರೆ ಪೀಸ್ ಎಂದು ನಾನು ಹೇಳುವಾಗ ನೀನು ಯಾಕೆ ಸುಮ್ಮನಿದ್ದೆ ಎಂದರು. ನೀವು ಮಾತಾಡುತ್ತಿದ್ದಿರಿ ಎಂದೆ. ಅತ್ತೆ ಬಗ್ಗಿ ನಕ್ಕದ್ದು ಕೆಮ್ಮಿನ ಹಾಗೆ ಕೇಳಿಸಿತು. ಆಮೇಲೆ ಇವರ ಹೆಗಲೂ ಅಲುಗತೊಡಗಿತು.

ಬ್ರಹ್ಮಾವರದವರು ಆದಿತ್ಯವಾರ ಬಂದರು. ಬರುವುದು ಬೇಡ ಎಂದು ಹೇಳಲು ಇವರಿಗೆ ಸಂಕೋಚವಾಗಿತ್ತಂತೆ. ಬಂದವರಿಗೆ ಕಾಫಿಗೆ ಮೊದಲು ಯಾರೂ ಗೀರು ತೋರಿಸಲಿಲ್ಲ. ಊಟಕ್ಕೆ ಕೂರಿಸಿ, ಐಸಿನಲ್ಲಿಟ್ಟಿದ್ದ ಮಳಿಯ ಸುಕ್ಕ ಬಡಿಸಿದೆ. ಅವರು ಬೆರಳು ನೆಕ್ಕುತ್ತಿರುವಾಗ ಇವರು, ಕಾರು ಮನೆಗೇ ಬೇಕಾಗಿದೆ, ಅಮ್ಮನಿಗೆ ಆಗಾಗ ಕಣ್ಣು ತೋರಿಸಲಿಕ್ಕಿದೆ ಎಂದು ಹೇಳಿ ಮುಗಿಸಿದರು. ಬಂದವರು ಹೆಚ್ಚು ಬೇಸರ ಮಾಡಿಕೊಳ್ಳಲಿಲ್ಲ. ಉಳಿದ ಮಳಿಯಲ್ಲಿ ಒಂದು ಚೀಲ ಕಟ್ಟಿಸಿಕೊಂಡು ಹೋದರು.

ಅವರು ಹೋದ ಮೇಲೆ ಇವರು ಒಂದು ಬ್ಲೇಡು ಹಿಡಿದುಕೊಂಡು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಗಾಜಿನ ಮೇಲಿನ ತಮ್ಮ ನಂಬರನ್ನು ಕೆರೆದು ತೆಗೆದು, ಅಲ್ಲಿ ನನ್ನ ನಂಬರು ಅಂಟಿಸಿದರು. ಇನ್ನು ಇಂಗ್ಲಿಷೆಲ್ಲ ನಿನಗೇ ಬರಲಿ ಎಂದರು. ಮೀನಿನ ಚಿತ್ರವನ್ನು ಮಾತ್ರ ಕೆರೆಯಲು ಅವರಿಗೆ ಮನಸ್ಸು ಬರಲಿಲ್ಲ, ನನಗೂ.

ಹಾಗಾಗಿ ಈಗ ಬೈಂದೂರಿನ ಸಿಗ್ನಲಿನಲ್ಲೋ ಬ್ರಹ್ಮಾವರದ ಅಂಗಡಿಯ ಮುಂದೋ ನಿಂತಿರುವಾಗ ನನ್ನ ಫೋನು ಹಾಡುತ್ತದೆ. ಹಿಂದಿನ ಗಾಡಿಯವರು ಯಾರೋ, ಬಂಗುಡೆ ಹೇಗೆ, ಮಾಂಜಿ ಉಂಟೋ ಎಂದು ಕೇಳುತ್ತಾರೆ. ನಾನು ಮೆದುವಾದ ಸ್ವರದಲ್ಲಿ ಎಲ್ಲರಿಗೂ ದರ ಹೇಳುತ್ತೇನೆ. ಇವರು ಹೇಳುವುದಕ್ಕಿಂತ ಸ್ವಲ್ಪ ಮೇಲೆಯೇ.